ನಿಮಗಿದು ಗೊತ್ತೇ? ಗೆರೆ ಒಂದು, ಅಂಕಿ ಇನ್ನೊಂದು

ಕಂಪ್ಯೂಟರಿನಲ್ಲಿ ನಕ್ಷೆ ಎಳೆಯುವ ಕೆಲಸಕ್ಕೆ ಸೇರಿದ ಹೊಸತು. ಸೈಟಿನಲ್ಲಿ ಬಡಗಿ ಕಿಟಕಿಯ ಚೌಕಟ್ಟನ್ನು ಗೋಡೆಗೆ ಆನಿಸಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಚೌಕಟ್ಟು ನಾಲ್ಕಡಿ, ಗೋಡೆಯಲ್ಲಿ ಬಿಟ್ಟ ಸಂದು ಮೂರು ಮುಕ್ಕಾಲಡಿ. ನಕ್ಷೆ ಬಿಚ್ಚಿದೆವು. ಎಡಗೋಡೆ 3 ಅಡಿ, ಕಿಟಕಿ 4 ಅಡಿ, ಬಲಗೋಡೆ 3 ಅಡಿ 3 ಇಂಚು, ಒಟ್ಟು 10 ಅಡಿ. ಬೆರಳು ಮಡಚಿ ಕೂಡಿದರೆ 10 ಅಡಿ 3 ಇಂಚು! ಮೇಸ್ತ್ರಿ ಎರಡೂ ಬದಿಯ ಗೋಡೆಗಳನ್ನು ನಕ್ಷೆಯಂತೆ ಕಟ್ಟಿ ಉಳಿದದ್ದನ್ನು ಕಿಟಕಿಗೆ ಬಿಟ್ಟಿದ್ದ, ಬಡಗಿ ನಕ್ಷೆಯಂತೆ ಚೌಕಟ್ಟು ಮಾಡಿದ್ದ. ಇಬ್ಬರೂ ಸರಿ. ತಪ್ಪು ನನ್ನದು. ‘ಕಿಟಕಿ ನಾಲ್ಕಡಿ ಮಾಡಿಬಿಡಿ’ ಎಂದು ಫೋನ್ ಬಂದ ಸಂಜೆ ಗೋಡೆಯ ಗೆರೆಗಳನ್ನು ಸರಿಸುವ ಬದಲು ಅಂಕಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘4’ ಎಂದು ಟೈಪ್ ಮಾಡಿ ಬಸ್ಸು ಹಿಡಿದಿದ್ದೆ. ನಕ್ಷೆಯ ಅಳತೆಗಳ ಬಗ್ಗೆ ಅಂದಿನಿಂದ ಹೆಕ್ಕಿಟ್ಟುಕೊಂಡ ಒಂದಿಷ್ಟು ಸಂಗತಿಗಳು ಇಲ್ಲಿವೆ.

● ಆಟೊಕ್ಯಾಡ್‌ನಲ್ಲಿ ಡೈಮೆನ್ಶನ್ (ಅಳತೆಗೆರೆ) ಹಾಕುವುದೆಂದರೆ ಸಂಖ್ಯೆ ಬರೆಯುವುದಲ್ಲ. ನೀವು ಎರಡು ಬಿಂದು ತೋರಿಸುತ್ತೀರಿ, ಗೆರೆ ಎಲ್ಲಿ ಕೂರಬೇಕೆಂದು ಹೇಳುತ್ತೀರಿ, ಅಷ್ಟೆ. ನಡುವಿನ ಅಂಕಿಯನ್ನು ತಂತ್ರಾಂಶವೇ ಅಳೆದು ಕೊಡುತ್ತದೆ. ಅದರ ಮೇಲೆ ನೀವು ಬೇರೇನೋ ಟೈಪ್ ಮಾಡಿದರೆ ‘ಅಳೆದದ್ದು’ ಒಳಗೇ ಉಳಿದು ‘ಬರೆದದ್ದು’ ಹೊರಗೆ ಕಾಣುತ್ತದೆ. ಎರಡೂ ಬೇರೆ ಬೇರೆ ಎಂದು ಕಾಗದದ ಮೇಲೆ ಒಂದು ಚುಕ್ಕೆಯೂ ಹೇಳುವುದಿಲ್ಲ. ಪ್ರಾಪರ್ಟೀಸ್ ಪಟ್ಟಿ ತೆರೆದವರಿಗೆ ಮಾತ್ರ ‘ಮೆಶರ್‌ಮೆಂಟ್’ ಎಂಬ ಸಾಲಿನಲ್ಲಿ ಸತ್ಯ, ಅದರ ಹತ್ತಿರದಲ್ಲೇ ‘ಟೆಕ್ಸ್ಟ್ ಓವರ್‌ರೈಡ್’ ಎಂಬ ಸಾಲಿನಲ್ಲಿ ಸುಳ್ಳು ಸಿಗುತ್ತದೆ.

● ಮೇಲೆ ಬರೆಯಲೇಬೇಕೆಂದರೆ ದಾರಿ ಇದೆ: <> ಎಂಬ ಎರಡು ಮೂಲೆ ಆವರಣಗಳು. ಇವು ‘ಅಳೆದ ಅಂಕಿ ಇಲ್ಲಿ ಬರಲಿ’ ಎಂಬುದರ ಸಂಕೇತ. ‘<> ಕನಿಷ್ಠ’ ಎಂದು ಕೊಟ್ಟರೆ ‘1200 ಕನಿಷ್ಠ’ ಎಂದು ಕಾಣುತ್ತದೆ. ನಾಳೆ ಗೋಡೆ ಸರಿದರೆ 1200 ಹೋಗಿ 1350 ಆಗುತ್ತದೆ, ‘ಕನಿಷ್ಠ’ ಹಾಗೇ ಉಳಿಯುತ್ತದೆ. ಯಾರೋ ಹಾಳು ಮಾಡಿಟ್ಟ ಡೈಮೆನ್ಶನ್ನನ್ನು ರಿಪೇರಿ ಮಾಡುವುದೂ ಹೀಗೆಯೇ. ಇರುವುದನ್ನೆಲ್ಲ ಅಳಿಸಿ <> ಒಂದನ್ನೇ ಇಟ್ಟರೆ ನಿಜವಾದ ಅಳತೆ ತಲೆಯೆತ್ತುತ್ತದೆ. ಬೇರೆಯವರಿಂದ ಬಂದ ಫೈಲಿನಲ್ಲಿ ನಾನು ಮೊದಲು ಮಾಡುವ ಕೆಲಸ ಕ್ವಿಕ್ ಸೆಲೆಕ್ಟ್‌ನಲ್ಲಿ ಟೆಕ್ಸ್ಟ್ ಓವರ್‌ರೈಡ್ ಇರುವ ಡೈಮೆನ್ಶನ್‌ಗಳನ್ನು ಹುಡುಕುವುದು. ಒಂದೂ ಸಿಗದ ಫೈಲು ಬಂದ ದಿನ ಕಾಫಿ ಕುಡಿಯಬಹುದು.

● ಕಟ್ಟಡ ವಿನ್ಯಾಸದ ಇನ್ನೊಂದು ತಂತ್ರಾಂಶ ರೆವಿಟ್ ಇನ್ನೂ ಕಟ್ಟುನಿಟ್ಟು. ಅಲ್ಲಿ ಅಳತೆಯ ಜಾಗದಲ್ಲಿ ಪದ ಬರೆಯಬಹುದು, ‘ಸೈಟಿನಲ್ಲಿ ಪರಿಶೀಲಿಸಿ’ ಎನ್ನಬಹುದು. ಆದರೆ ಬೇರೊಂದು ಸಂಖ್ಯೆ ಬರೆಯಲು ಹೋದರೆ ತಂತ್ರಾಂಶವೇ ಒಪ್ಪುವುದಿಲ್ಲ. ಅಂಕಿಯಲ್ಲ, ವಿವರಣೆಯ ಮಾತು ಕೊಡು ಎಂದು ತಕರಾರು ತೆಗೆಯುತ್ತದೆ. ಇದನ್ನೂ ಯಾಮಾರಿಸಲು ಅಂಕಿಯ ಜೊತೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಅಂಟಿಸುವ ಜಾಣರಿದ್ದಾರೆ. ಆ ಬುದ್ಧಿಯನ್ನು ಗೋಡೆ ಸರಿಸಲು ಬಳಸಿದ್ದರೆ ಎರಡು ನಿಮಿಷದ ಕೆಲಸ.

● ಹಾಗಾದರೆ ಗೆರೆ ಬದಲಿಸದೆ ಅಂಕಿ ಬದಲಿಸುವುದು ಕೈಯಲ್ಲಿ ನಕ್ಷೆ ಎಳೆಯುತ್ತಿದ್ದ ಕಾಲದಲ್ಲಿ ಇರಲಿಲ್ಲವೇ? ಧಾರಾಳವಾಗಿತ್ತು. ಆದರೆ ಅದಕ್ಕೊಂದು ಮರ್ಯಾದೆಯ ಪದ್ಧತಿಯಿತ್ತು: ಅಳತೆಗೆ ತಕ್ಕಂತೆ ಗೆರೆ ಇಲ್ಲದಿದ್ದರೆ ಆ ಅಂಕಿಯ ಕೆಳಗೆ ಅಡಿಗೆರೆ ಎಳೆಯಬೇಕು. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 129 ಕೂಡ ಇದನ್ನು ಒಪ್ಪುತ್ತದೆ. ಆಟೊಕ್ಯಾಡ್‌ನಲ್ಲೂ ಇದು ಸುಲಭ. ಅಂಕಿಯ ಮುಂದೆ ಎರಡು ಶೇಕಡಾ ಚಿಹ್ನೆ ಮತ್ತು ಇಂಗ್ಲಿಷಿನ ‘ಯು’ ಅಕ್ಷರ ಹಾಕಿದರೆ ಅಡಿಗೆರೆ ಬರುತ್ತದೆ. ಕಿಟಕಿಯ ಆ ಸಂಜೆ ಅಷ್ಟು ಮಾಡಿದ್ದರೂ ಬಡಗಿ ಒಂದು ಸಲ ಫೋನ್ ಮಾಡುತ್ತಿದ್ದ.

● ಕೈಯಲ್ಲಿ ಎಳೆಯುತ್ತಿದ್ದ ಆ ಕಾಲದಲ್ಲಿ ‘ಎಡಿಟ್’ ಎಂದರೆ ಅರ್ಧ ಬ್ಲೇಡು. ಟ್ರೇಸಿಂಗ್ ಕಾಗದದ ಮೇಲೆ ಇಂಕಿನಲ್ಲಿ ಬರೆದ ಅಂಕಿ ತಪ್ಪಾದರೆ ಬ್ಲೇಡಿನ ಮೂಲೆಯಿಂದ ಇಂಕಿನ ಪದರವನ್ನಷ್ಟೇ ಕೆರೆದು, ಒರಟಾದ ಜಾಗವನ್ನು ಹೆಬ್ಬೆರಳಿನ ಉಗುರಿನಿಂದ ಉಜ್ಜಿ ನುಣುಪು ಮಾಡಿ, ಆಮೇಲೆ ಹೊಸ ಅಂಕಿ ಬರೆಯಬೇಕು. ಉಜ್ಜದಿದ್ದರೆ ಇಂಕು ಜೇಡರ ಕಾಲಿನಂತೆ ಹರಡುತ್ತಿತ್ತು. ಒಂದೇ ಕಡೆ ಮೂರನೇ ಸಲ ಕೆರೆದರೆ ಕಾಗದವೇ ತೂತು. ಹಿರಿಯ ಡ್ರಾಫ್ಟ್ಸ್‌ಮನ್‌ಗಳು ಕಾಗದವನ್ನು ಬೆಳಕಿಗೆ ಹಿಡಿದೇ ‘ಇಲ್ಲಿ ಅಳತೆ ಎಷ್ಟು ಸಲ ಬದಲಾಗಿದೆ’ ಎಂದು ಹೇಳುತ್ತಿದ್ದರು. ಆಟೊಕ್ಯಾಡ್ ಉಳಿಸುವ ಡಿಡಬ್ಲ್ಯುಜಿ ಫೈಲನ್ನು ಬೆಳಕಿಗೆ ಹಿಡಿದರೆ ಏನೂ ಕಾಣದು.

● ಗೆರೆ ಬದಲಾದರೆ ಅಂಕಿಯೂ ತಾನಾಗಿ ಬದಲಾಗಬೇಕೆಂಬ ಕಲ್ಪನೆ ಈಚಿನದ್ದೆಂದುಕೊಂಡಿರಾ? ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲೆಂಡ್ 1963ರಲ್ಲಿ ಸಲ್ಲಿಸಿದ ಪಿಎಚ್‌ಡಿ ಪ್ರಬಂಧ ‘ಸ್ಕೆಚ್‌ಪ್ಯಾಡ್’. ಟಿಎಕ್ಸ್-2 ಎಂಬ, ಕೋಣೆಗಟ್ಟಲೆ ಜಾಗ ತಿನ್ನುವ ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಪೆನ್ನು ಹಿಡಿದು ಗೆರೆ ಎಳೆಯುವ ವ್ಯವಸ್ಥೆ ಅದು. ಬಾಣದ ತುದಿಗಳುಳ್ಳ ಅಳತೆಗೆರೆಯೂ ಅದರಲ್ಲಿತ್ತು; ಆಕೃತಿ ಕದಲಿದರೆ ಅಂಕಿಯೂ ಕದಲುತ್ತಿತ್ತು. ಸದರ್‌ಲೆಂಡರಿಗೆ 1988ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

● ಆದರೆ ಆ ಕಲ್ಪನೆ ಸಾಮಾನ್ಯ ಆಫೀಸಿನ ಮೇಜಿಗೆ ಬರಲು ಕಾಲು ಶತಮಾನ ಹಿಡಿಯಿತು. ಆಟೊಕ್ಯಾಡ್ ಮಾರುಕಟ್ಟೆಗೆ ಬಂದದ್ದು 1982ರ ಡಿಸೆಂಬರಿನಲ್ಲಿ. ಆರಂಭದ ವರ್ಷಗಳಲ್ಲಿ ಡೈಮೆನ್ಶನ್ ಹಾಕುವ ಸೌಲಭ್ಯ ಮೂಲ ಪ್ಯಾಕೇಜಿನೊಳಗೆ ಇರಲಿಲ್ಲ. ಅದನ್ನು ಬೇರೆ ದುಡ್ಡು ಕೊಟ್ಟು ಹೆಚ್ಚುವರಿ ಕಟ್ಟಾಗಿ ಕೊಳ್ಳಬೇಕಿತ್ತು. ಊಟ ಒಂದು ದರ, ಉಪ್ಪಿಗೆ ಇನ್ನೊಂದು ದರ! 1987ರ 2.6 ಆವೃತ್ತಿಯಲ್ಲಿ ಬಾಣ, ಗೆರೆ, ಅಂಕಿ ಎಲ್ಲ ಒಂದೇ ವಸ್ತುವಾದವು. ಅಲ್ಲಿಯವರೆಗೆ ಅವು ಬಿಡಿ ಬಿಡಿ ಗೆರೆಗಳ ಗುಂಪು. ವಸ್ತುವಿಗೇ ಅಂಟಿಕೊಂಡು ಅದರ ಜೊತೆ ಚಲಿಸುವ ನಿಜವಾದ ‘ಅಸೋಸಿಯೇಟಿವ್’ ಡೈಮೆನ್ಶನ್ ಬಂದದ್ದು ಆಟೊಕ್ಯಾಡ್ 2002ರಲ್ಲಿ.

● ಡಿಮ್‌ಅಸೋಕ್ ಎಂಬ ಒಂದೇ ಒಂದು ಆಯ್ಕೆಯಲ್ಲಿ ಈ ಇಡೀ ಇತಿಹಾಸ ಕೂತಿದೆ. ಅದಕ್ಕೆ 2 ಕೊಟ್ಟರೆ ಡೈಮೆನ್ಶನ್ ಗೋಡೆಗೆ ಅಂಟಿಕೊಳ್ಳುತ್ತದೆ. 1 ಕೊಟ್ಟರೆ ಬಿಂದುಗಳಿಗೆ ಮಾತ್ರ ಅಂಟುತ್ತದೆ, ಗೋಡೆ ಹೋದರೂ ತಾನು ಅಲ್ಲೇ. 0 ಕೊಟ್ಟರೆ 1987ಕ್ಕೆ ಮೊದಲಿನ ಕಾಲಕ್ಕೆ ವಾಪಸು: ಬಿಡಿ ಗೆರೆಗಳು, ಬಿಡಿ ಅಕ್ಷರ. ಇದು ಫೈಲಿನೊಳಗೇ ಉಳಿಯುವ ಸಂಗತಿ. ಹಾಗಾಗಿ ಯಾರದೋ ಹಳೆಯ ಫೈಲನ್ನು ‘ಸೇವ್ ಆ್ಯಸ್’ ಮಾಡಿಕೊಂಡು ಹೊಸ ಪ್ರಾಜೆಕ್ಟ್ ಶುರುಮಾಡಿದರೆ ಅವರ ಹಳೇ ಚಾಳಿಯೂ ಜೊತೆಗೆ ಬರುತ್ತದೆ.

● ಡೈಮೆನ್ಶನ್ನನ್ನು ‘ಎಕ್ಸ್‌ಪ್ಲೋಡ್’ ಮಾಡಿದರೂ ಅದೇ ಬಿಡಿ ಗೆರೆ, ಬಿಡಿ ಅಕ್ಷರದ ಗತಿ. ಬಾಣ ಸ್ವಲ್ಪ ಆಚೆ ಈಚೆ ಆಗಲೆಂದು ಸಿಡಿಸುವವರಿದ್ದಾರೆ. ಅಷ್ಟಕ್ಕೆ ಸಿಡಿಸಬೇಕಿಲ್ಲ, ಬಾಣದ ಮೇಲೆ ರೈಟ್ ಕ್ಲಿಕ್ ಮಾಡಿ ‘ಫ್ಲಿಪ್ ಆ್ಯರೋ’ ಎಂದರೆ ಅದು ತಾನೇ ತಿರುಗಿ ನಿಲ್ಲುತ್ತದೆ.

● ಕಿಟಕಿ ದೊಡ್ಡದು ಮಾಡುವ ಸರಿಯಾದ ಆಜ್ಞೆ ‘ಸ್ಟ್ರೆಚ್’. ಇದಕ್ಕೆ ಬಲದಿಂದ ಎಡಕ್ಕೆ ಆವರಣ ಎಳೆಯಬೇಕು, ಆ ಆವರಣ ಹಸಿರಾಗುತ್ತದೆ. ಎಡದಿಂದ ಬಲಕ್ಕೆ ಎಳೆದರೆ ನೀಲಿ. ಆಗ ಪೂರ್ತಿ ಒಳಗೆ ಬಿದ್ದ ವಸ್ತುಗಳು ಇಡಿಯಾಗಿ ಸರಿಯುತ್ತವೆಯೇ ಹೊರತು ಯಾವುದೂ ಹಿಗ್ಗುವುದಿಲ್ಲ. ಹಸಿರಿನೊಳಗೆ ಗೋಡೆಯ ತುದಿಯ ಜೊತೆ ಡೈಮೆನ್ಶನ್ನಿನ ಬುಡದ ಬಿಂದುವೂ ಬಿದ್ದರೆ 3 ಇಂಚು ಎಳೆದದ್ದೇ ತಡ, ಕಿಟಕಿ 4 ಅಡಿ, ಪಕ್ಕದ ಗೋಡೆ 3 ಅಡಿ, ಒಟ್ಟು 10 ಅಡಿ ಎಂದು ಮೂರೂ ಅಂಕಿಗಳು ತಾವೇ ಹೊಂದಿಕೊಳ್ಳುತ್ತವೆ. ನಾನು ಆ ಸಂಜೆ ಉಳಿಸಿದ್ದು ಬಹುಶಃ ಹದಿನೈದು ಸೆಕೆಂಡು.

● ಆ ಬುಡದ ಬಿಂದುಗಳಿಗೂ ಒಂದು ಸ್ವಂತ ಮನೆ ಇದೆ. ನೀವು ಮೊದಲ ಡೈಮೆನ್ಶನ್ ಹಾಕಿದ ತಕ್ಷಣ ‘ಡೆಫ್‌ಪಾಯಿಂಟ್ಸ್’ ಎಂಬ ಲೇಯರು ಕೇಳದೆಯೇ ಹುಟ್ಟುತ್ತದೆ. ಅದರಲ್ಲಿರುವುದು ಪರದೆಯಲ್ಲಿ ಕಾಣುತ್ತದೆ, ಪ್ರಿಂಟಿನಲ್ಲಿ ಬರುವುದಿಲ್ಲ. ಮೆಟ್ಟಿಲನ್ನೋ ಸಂಪನ್ನೋ ಅಪ್ಪಿತಪ್ಪಿ ಆ ಲೇಯರಿನಲ್ಲಿ ಎಳೆದು, ಪ್ಲಾಟ್ ತೆಗೆದ ಮೇಲೆ ‘ಅಯ್ಯೋ, ಮೆಟ್ಟಿಲೆಲ್ಲಿ?’ ಎಂದು ಪ್ಲಾಟರ್ ಅಂಗಡಿಯವನ ಮೇಲೆ ರೇಗದ ಡ್ರಾಫ್ಟ್ಸ್‌ಮನ್ ಇಲ್ಲವೇ ಇಲ್ಲ ಎನ್ನಬಹುದು.

● ಎಡಿಟ್ ಮಾಡುವಾಗ ನೆನಪಿಡಬೇಕಾದ ಮೂರು ಗುಟ್ಟಿನ ಬರಹಗಳಿವೆ. ಎರಡು ಶೇಕಡಾ ಚಿಹ್ನೆಯ ನಂತರ ‘ಸಿ’ ಹಾಕಿದರೆ ವ್ಯಾಸದ ಗುರುತಾದ ಗೀಟೆಳೆದ ಸೊನ್ನೆ, ‘ಡಿ’ ಹಾಕಿದರೆ ಡಿಗ್ರಿಯ ಪುಟ್ಟ ಸೊನ್ನೆ, ‘ಪಿ’ ಹಾಕಿದರೆ ± ಚಿಹ್ನೆ.

● ಡೈಮೆನ್ಶನ್ನಿನ ರೂಪ ತಿದ್ದಲು ಆಟೊಕ್ಯಾಡ್‌ನಲ್ಲಿ ಎಪ್ಪತ್ತಕ್ಕೂ ಹೆಚ್ಚು ಸೆಟ್ಟಿಂಗುಗಳಿವೆ. ಬಾಣದ ಗಾತ್ರ, ಗೋಡೆಯಿಂದ ಗೆರೆ ಎಷ್ಟು ಬಿಟ್ಟು ಶುರುವಾಗಬೇಕು, ಅಂಕಿ ಗೆರೆಯ ಮೇಲೋ ನಡುವೆಯೋ, ಹೀಗೆ. ಇವನ್ನೆಲ್ಲ ಒಂದು ಕಟ್ಟಾಗಿ ಹೆಸರಿಟ್ಟು ಉಳಿಸಿದರೆ ಅದೇ ‘ಡಿಮ್ ಸ್ಟೈಲ್’. ಮೆಟ್ರಿಕ್ ಟೆಂಪ್ಲೇಟಿನ ಜೊತೆ ಬರುವ ‘ಐಎಸ್‌ಒ-25’ ಎಂಬ ಸ್ಟೈಲಿನ ಹೆಸರು ಎಲ್ಲರಿಗೂ ಗೊತ್ತು. ಅದರಲ್ಲಿನ 25 ಏನು? ಕಾಗದದ ಮೇಲೆ ಅಕ್ಷರದ ಎತ್ತರ 2.5 ಮಿ.ಮೀ. ಎಂದು.

● ಅದೇ ಐಎಸ್‌ಒ-25ರ ಇನ್ನೊಂದು ಕಿತಾಪತಿ: ಎರಡೂವರೆಯನ್ನು ಅದು ‘2,5’ ಎಂದು ತೋರಿಸುತ್ತದೆ. ಯುರೋಪಿನ ಬಹುಪಾಲು ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕೆಯಲ್ಲ, ಅಲ್ಪವಿರಾಮ. ನಮ್ಮಲ್ಲಿ ಅಲ್ಪವಿರಾಮ ಸಾವಿರ, ಲಕ್ಷ ಬೇರ್ಪಡಿಸಲು. ‘1,250’ ಎಂಬುದನ್ನು ಜರ್ಮನಿಯ ಕೆಲಸಗಾರ ಒಂದೂಕಾಲು ಎಂದು ಓದಿದರೆ ನಮ್ಮವನು ಸಾವಿರದ ಇನ್ನೂರೈವತ್ತು ಎಂದು ಓದುತ್ತಾನೆ. ಸ್ಟೈಲಿನ ಪ್ರೈಮರಿ ಯೂನಿಟ್ಸ್ ಪುಟದಲ್ಲಿ ಒಂದು ಸಲ ಚುಕ್ಕೆ ಆರಿಸಿದರೆ ಮುಗಿಯಿತು. ಆದರೂ ಕಾಲೇಜಿನಿಂದ ಬರುವ ಹತ್ತರಲ್ಲಿ ಒಂಬತ್ತು ಫೈಲುಗಳಲ್ಲಿ ಅಲ್ಪವಿರಾಮ ಹಾಗೇ ಇರುತ್ತದೆ. ಇದು ನನ್ನ ಕಣ್ಣಂದಾಜು, ಸಮೀಕ್ಷೆಯಲ್ಲ.

● ಕೂಡಿದರೆ ಸರಿಬಾರದ ನಕ್ಷೆಗಳೆಲ್ಲ ಮೇಲೆ ಬರೆದವೇ ಆಗಬೇಕಿಲ್ಲ. ಒಂದು ಮೀಟರನ್ನು ಮೂರು ಸಮಭಾಗ ಮಾಡಿ ಅಳತೆ ಹಾಕಿ ನೋಡಿ. 333, 333, 333, ಒಟ್ಟು 1000. ಒಂದು ಮಿಲಿಮೀಟರ್ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ, ತೋರಿಸುವಾಗ ದುಂಡಾಗಿಸಿದ್ದು. ಒಳಗೆ ತಂತ್ರಾಂಶ ಹದಿನೈದು ಅಂಕಿಗಳಷ್ಟು ನಿಖರವಾಗಿ ಲೆಕ್ಕ ಇಟ್ಟುಕೊಂಡಿರುತ್ತದೆ. ಇದರ ಕೆಟ್ಟ ಮುಖವೂ ಇದೆ: ಸ್ನ್ಯಾಪ್ ಹಾಕದೆ ಕಣ್ಣಂದಾಜಿನಲ್ಲಿ ಎಳೆದ ಗೋಡೆ 2999.7 ಇದ್ದರೂ ಡೈಮೆನ್ಶನ್ 3000 ಎಂದು ಗಂಭೀರವಾಗಿ ಹೇಳುತ್ತದೆ. ಹೊಸಬರ ಕೆಲಸ ಪರೀಕ್ಷಿಸಬೇಕೆಂದರೆ ಡಿಮ್ ಸ್ಟೈಲಿನಲ್ಲಿ ದಶಮಾಂಶ ಸ್ಥಾನವನ್ನು ಸೊನ್ನೆಯಿಂದ ಎಂಟಕ್ಕೆ ಏರಿಸಿ. ಶುದ್ಧವಾದ ನಕ್ಷೆಯಲ್ಲಿ ಸೊನ್ನೆಗಳ ಸಾಲು ಕಾಣುತ್ತದೆ. ಇಲ್ಲವಾದರೆ ಪರದೆ ತುಂಬ ಅಂಕಿಗಳ ಜಾತ್ರೆ.

● ಬೆಂಗಳೂರಿನಲ್ಲಿ ಸೈಟಿನ ಮಾತು ಅಡಿಯಲ್ಲಿ, ಪ್ಲಾನ್ ಸ್ಯಾಂಕ್ಷನ್ ಮೀಟರಿನಲ್ಲಿ. ‘ಥರ್ಟಿ ಫಾರ್ಟಿ’ ಎಂದರೆ ಆಟೊ ಚಾಲಕನಿಗೂ ಗೊತ್ತು. ನಕ್ಷೆಯ ಮೇಲೆ ಅದೇ 9.14 ಗುಣಿಸು 12.19. ನಿಜವಾದ ಲೆಕ್ಕ 9.144 ಮತ್ತು 12.192. ದುಂಡಾಗಿಸಿದ ಅಂಕಿಗಳನ್ನು ಗುಣಿಸಿದರೆ 111.42 ಚದರ ಮೀಟರ್, ಗೆರೆಯೊಳಗಿನ ನಿಜ ವಿಸ್ತೀರ್ಣ 111.48. ಒಂದಡಿ ಟೈಲ್ಸಿಗಿಂತ ಕೊಂಚ ಚಿಕ್ಕ ಚೂರೊಂದು ದಶಮಾಂಶದ ಸಂದಿಯಲ್ಲಿ ಮಾಯ! ಇಂಚು ಎಂದರೆ ಸರಿಯಾಗಿ 25.4 ಮಿ.ಮೀ. ಎಂದು ಇಂಗ್ಲಿಷ್ ಮಾತಾಡುವ ದೇಶಗಳು ಒಪ್ಪಂದ ಮಾಡಿಕೊಂಡದ್ದು 1959ರಲ್ಲಿ. ಅದಕ್ಕೆ ಮೊದಲು ಅಮೆರಿಕದ ಇಂಚಿಗೂ ಬ್ರಿಟನ್ನಿನ ಇಂಚಿಗೂ ಕೂದಲೆಳೆಗಿಂತ ಸಣ್ಣ ವ್ಯತ್ಯಾಸವಿತ್ತು. ಆಟೊಕ್ಯಾಡ್‌ನಲ್ಲಿ ಒಂದೇ ಗೆರೆಯ ಮೇಲೆ ಎರಡೂ ಮಾನ ತೋರಿಸುವ ‘ಆಲ್ಟರ್ನೇಟ್ ಯೂನಿಟ್ಸ್’ ಸೌಲಭ್ಯ ಇದೆ. ಮನೆ ಮಾಲೀಕ ಒಂದನ್ನು ಓದುತ್ತಾನೆ, ಕಚೇರಿ ಇನ್ನೊಂದನ್ನು.

● ನಮ್ಮ ಕಡೆಯ ನಕ್ಷೆಗಳಲ್ಲಿ 22 ಅಡಿ 7 ಇಂಚಿನಂಥ ವಿಚಿತ್ರ ಅಳತೆ ಕಂಡರೆ ಹೊರಗಿನವರು ಕಕ್ಕಾಬಿಕ್ಕಿ. ಅದು ಎಡವಟ್ಟಲ್ಲ, ಆಯ. ಮನೆಯ ಉದ್ದಗಲದಿಂದ ಲೆಕ್ಕ ಹಾಕಿ ಎಂಟರಿಂದ ಭಾಗಿಸಿ ಉಳಿದ ಶೇಷ ನೋಡುತ್ತಾರೆ. ಒಂದು ಉಳಿದರೆ ಧ್ವಜಾಯ, ಮೂರಾದರೆ ಸಿಂಹಾಯ, ಐದು ವೃಷಭಾಯ, ಏಳು ಗಜಾಯ. ಬೆಸ ಸಂಖ್ಯೆಗಳೆಲ್ಲ ಶುಭ. ಗುಣಿಸುವ ಕ್ರಮ ಪಂಡಿತರಿಂದ ಪಂಡಿತರಿಗೆ ಬೇರೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು, ನನಗೆ ಬೇಕಾದದ್ದು ಒಂದೇ: ಆ ಅಳತೆ ಗೋಡೆಯ ಒಳಮೈಯದೋ, ಹೊರಮೈಯದೋ? ಎಲ್ಲ ಮುಗಿದ ಮೇಲೆ ‘ಸುಮ್ನೆ ಎರಡಿಂಚು ಜಾಸ್ತಿ ಬರ್ದುಬಿಡಿ’ ಎನ್ನುವ ಮಾಲೀಕರು ಇನ್ನೂ ಇದ್ದಾರೆ. ಬರೆಯುವುದಿಲ್ಲ, ಎಳೆಯುತ್ತೇನೆ ಎಂದು ಹೇಳುವುದನ್ನು ಕಲಿತಿದ್ದೇನೆ.

● ಅಡಿಗೆ ಒಂದು ಗೀಟು, ಇಂಚಿಗೆ ಎರಡು. ಈ ಒಂದು ಗೀಟಿನ ಮೇಲೆ ಸಿನಿಮಾದ ಅತ್ಯಂತ ಪ್ರಸಿದ್ಧ ಹಾಸ್ಯವೊಂದು ನಿಂತಿದೆ. 1984ರ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಚಿತ್ರದಲ್ಲಿ ರಾಕ್ ತಂಡದವನೊಬ್ಬ ವೇದಿಕೆಗೆ ಬೇಕಾದ ಸ್ಟೋನ್‌ಹೆಂಜ್ ಕಲ್ಲುಗಳ ಚಿತ್ರವನ್ನು ಕೈಕಾಗದದ ಮೇಲೆ ಗೀಚಿಕೊಡುತ್ತಾನೆ. 18 ಅಡಿ ಎನ್ನುವ ಬದಲು 18 ಇಂಚು. ಮಾಡಿದವಳು ಅಕ್ಷರಶಃ ಪಾಲಿಸುತ್ತಾಳೆ. ಕಾರ್ಯಕ್ರಮದ ದಿನ ಮೇಲಿನಿಂದ ಇಳಿಯುವ ಕಲ್ಲು ಮೊಣಕಾಲೆತ್ತರ!

● ಒಂದು ಸಣ್ಣ ಭಾಗವನ್ನು ಐದು ಪಟ್ಟು ಹಿಗ್ಗಿಸಿ ಪಕ್ಕದಲ್ಲಿ ತೋರಿಸಬೇಕಾದಾಗ 20 ಮಿ.ಮೀ. ಹೋಗಿ 100 ಆಗುತ್ತದಲ್ಲ? ಇಲ್ಲೂ ಮೇಲೆ ಬರೆಯಬೇಕಿಲ್ಲ. ಡಿಮ್‌ಎಲ್‌ಫ್ಯಾಕ್ ಎಂಬ ಗುಣಕಕ್ಕೆ 0.2 ಕೊಡಿ, ತಂತ್ರಾಂಶ 100 ಅಳೆದು 20 ಎಂದು ತೋರಿಸುತ್ತದೆ. ಇದನ್ನು ಬೇರೆಯೇ ಡಿಮ್ ಸ್ಟೈಲಾಗಿ ಇಡದೆ ಹಾಗೇ ಮರೆತರೆ ಮುಂದಿನ ಡೈಮೆನ್ಶನ್‌ಗಳೆಲ್ಲ ಐದರಲ್ಲೊಂದು ಪಾಲಾಗುತ್ತವೆ, ಅದು ಬೇರೆ ಮಾತು.

● ಇನ್ನು ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಲೇತ್ ಮೇಲಿನ ನಕ್ಷೆಗಳಿಗೆ ಬಂದರೆ ರೂಢಿಯೇ ಬೇರೆ. ಅಲ್ಲಿ ಅಡಿ, ಇಂಚಿನ ಮಾತು ಕಡಿಮೆ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಾದ ಮೈಕ್ರಾನಿನ ಮಾತೇ ಹೆಚ್ಚು. ಪೂರ್ಣ ವೃತ್ತಕ್ಕೆ ವ್ಯಾಸ ಕೊಡಬೇಕು, ತ್ರಿಜ್ಯ ಅಲ್ಲ. ಕಾರಣ ಸರಳ: ಮೈಕ್ರೋಮೀಟರಿನ ಎರಡು ದವಡೆಗಳ ನಡುವೆ ಸಿಕ್ಕುವುದು ವ್ಯಾಸ. ತೂತಿಗೆ ಅಂಚಿನಿಂದಲ್ಲ, ಕೇಂದ್ರದಿಂದ ಅಳತೆ. ಡ್ರಿಲ್ಲಿನ ಮೊನೆ ಕೂರುವುದು ಅಲ್ಲಿ. ಅಳೆಯುವವನ ಕೈ ಎಲ್ಲಿ ಹೋಗುತ್ತದೋ ಅಲ್ಲಿ ಡಿಮ್ ಕೊಡು ಎಂದು ನನಗೆ ಹೇಳಿಕೊಟ್ಟವನು ಇಂಜಿನಿಯರಲ್ಲ, ಎಣ್ಣೆಗೈಯ ಟರ್ನರ್. ಭಾರತೀಯ ಮಾನಕ ಬ್ಯೂರೊದ ‘ಎಸ್‌ಪಿ 46’ ಎಂಬ ಕೈಪಿಡಿ ಡಿಪ್ಲೊಮಾ ಓದಿದವರ ಕಪಾಟಿನಲ್ಲೆಲ್ಲ ಇರುತ್ತದೆ. ಅದರಲ್ಲಿನ ನಿಯಮಗಳನ್ನು ಆ ಟರ್ನರ್ ಒಂದೇ ವಾಕ್ಯದಲ್ಲಿ ಮುಗಿಸಿದ್ದ.

● ಸರಪಳಿಯಂತೆ ಒಂದರ ತುದಿಯಿಂದ ಇನ್ನೊಂದಕ್ಕೆ ಅಳತೆ ಕೊಡುವುದು ‘ಕಂಟಿನ್ಯೂ’, ಎಲ್ಲವನ್ನೂ ಒಂದೇ ಅಂಚಿನಿಂದ ಕೊಡುವುದು ‘ಬೇಸ್‌ಲೈನ್’. ನೋಡಲು ಸರಪಳಿ ಚೆಂದ, ಜಾಗವೂ ಕಡಿಮೆ. ಆದರೆ 50 ಮಿ.ಮೀ.ಗೊಂದರಂತೆ ಹತ್ತು ತೂತುಗಳಿದ್ದು ಪ್ರತಿ ಅಳತೆಗೂ ±0.1 ರಿಯಾಯಿತಿ ಕೊಟ್ಟಿದ್ದೀರಿ ಎನ್ನಿ. ಸರಪಳಿಯಲ್ಲಿ ಹತ್ತನೇ ತೂತು ಒಂದು ಮಿಲಿಮೀಟರ್ ಆಚೆಗೋ ಈಚೆಗೋ ಹೋಗಿ ಕೂತರೂ ಯಾರೂ ತಪ್ಪು ಮಾಡಿದಂತಾಗುವುದಿಲ್ಲ. ಬೇಸ್‌ಲೈನಿನಲ್ಲಿ ಅದೇ ತೂತಿಗೆ 0.1 ಮಾತ್ರ. ಗೆರೆ ಒಂದೇ, ಮಾಪನವೂ ಒಂದೇ. ಬಾಣದ ಬುಡ ಎಲ್ಲಿ ಊರಿದ್ದೀರಿ ಎಂಬುದಷ್ಟೇ ಬೇರೆ.

● ಈ ರಿಯಾಯಿತಿಯ ಆಕಾರವೇ ತಪ್ಪು ಎಂದು ಮೊದಲು ಗಟ್ಟಿಯಾಗಿ ಹೇಳಿದವರು ಸ್ಕಾಟ್ಲೆಂಡಿನ ಅಲೆಕ್ಸಾಂಡ್ರಿಯಾದ ಟಾರ್ಪಿಡೊ ಕಾರ್ಖಾನೆಯ ಸ್ಟ್ಯಾನ್ಲಿ ಪಾರ್ಕರ್. ಅಡ್ಡಕ್ಕೆ ±0.1, ಉದ್ದಕ್ಕೆ ±0.1 ಎಂದರೆ ತೂತಿನ ಕೇಂದ್ರ ಓಡಾಡಬಹುದಾದ ಜಾಗ ಚೌಕ. ಚೌಕದ ಮೂಲೆಯಷ್ಟು ದೂರ ಒಪ್ಪಿಗೆಯಾದರೆ ಅಷ್ಟೇ ದೂರ ಎಲ್ಲ ದಿಕ್ಕಿನಲ್ಲೂ ಯಾಕೆ ಒಪ್ಪಬಾರದು? ಚೌಕದ ಸುತ್ತ ವೃತ್ತ ಎಳೆದರೆ ಜಾಗ ಶೇ. 57ರಷ್ಟು ಹೆಚ್ಚುತ್ತದೆ. ಗುಜರಿಗೆ ಎಸೆಯುತ್ತಿದ್ದ ಎಷ್ಟೋ ಒಳ್ಳೆಯ ಬಿಡಿಭಾಗ ಬಚಾವ್. ಇಂದಿನ ನಕ್ಷೆಗಳಲ್ಲಿ ಕಾಣುವ, ಪೆಟ್ಟಿಗೆಯೊಳಗೆ ಚಿಹ್ನೆ ಬರೆಯುವ ಜಿಡಿ&ಟಿ ಪದ್ಧತಿಯ ಬೇರು ಇಲ್ಲಿದೆ.

● ಕೆಲವು ತಂತ್ರಾಂಶಗಳಲ್ಲಿ ಅಂಕಿ ಬದಲಿಸುವುದು ಪಾಪವಲ್ಲ, ಅದೇ ಕೆಲಸ. 1980ರ ದಶಕದ ಕೊನೆಯಲ್ಲಿ ಬಂದ ಪ್ರೊ-ಇಂಜಿನಿಯರ್, ಆಮೇಲೆ 1995ರ ಸಾಲಿಡ್‌ವರ್ಕ್ಸ್ ಎಲ್ಲ ಈ ಜಾತಿಯವು. 80 ಇದ್ದದ್ದನ್ನು 95 ಎಂದು ಟೈಪ್ ಮಾಡಿದರೆ ಶಾಫ್ಟೇ 95ಕ್ಕೆ ಬೆಳೆಯುತ್ತದೆ. ಇಲ್ಲಿ ಅಂಕಿ ಯಜಮಾನ, ಗೆರೆ ಆಳು. ಇಂಥದ್ದು ‘ಡ್ರೈವಿಂಗ್’ ಡೈಮೆನ್ಶನ್. ಬರೀ ಅಳೆದು ಹೇಳುವುದು ‘ಡ್ರಿವನ್’. ಆಟೊಕ್ಯಾಡ್‌ಗೆ ಈ ವಿದ್ಯೆ 2010ರ ಆವೃತ್ತಿಯಲ್ಲಿ ಬಂತು. ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರ, ಡಿ1, ಡಿ2 ಎಂದು ಹೆಸರು, ‘ಡಿ2 ಎಂದರೆ ಡಿ1ರ ಅರ್ಧ’ ಎಂದು ಸೂತ್ರ ಬರೆಯುವ ಅವಕಾಶ. ಎರಡೂ ಬಗೆಯ ತಂತ್ರಾಂಶದಲ್ಲಿ ಕೆಲಸ ಮಾಡುವವರ ಬೆರಳಿಗೆ ಮಾತ್ರ ಗೊಂದಲ. ಅಲ್ಲಿ ಪುಣ್ಯವಾದದ್ದು ಇಲ್ಲಿ ಪಾಪ.

● ನಕ್ಷೆಯ ಮೇಲಿನ ಪ್ರತಿ ಅಳತೆಯೂ, ಬೇರೆ ಹೇಳದಿದ್ದರೆ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯದ್ದು. ಐಎಸ್‌ಒದ ಮಾನಕಗಳಲ್ಲಿ ಒಂದನೇ ನಂಬರಿನದ್ದೇ ಇದನ್ನು ಹೇಳುತ್ತದೆ. ಒಂದು ಮೀಟರ್ ಉಕ್ಕಿನ ಸರಳು ರಾಯಚೂರಿನ 40 ಡಿಗ್ರಿ ಬಿಸಿಲಿನಲ್ಲಿ ಸುಮಾರು 0.23 ಮಿ.ಮೀ. ಉದ್ದವಾಗುತ್ತದೆ. ಮೈಕ್ರಾನಿನ ಲೆಕ್ಕದಲ್ಲಿ ಇದು ಮೈಲಿ. ಅಳೆಯುವ ಕೋಣೆಗೆ ಎಸಿ ಹಾಕುವುದು ಇನ್‌ಸ್ಪೆಕ್ಟರ್ ಸಾಹೇಬರ ಸುಖಕ್ಕಲ್ಲ.

● ಅಳತೆಕೋಲೇ ಬೇರೆ ಬೇರೆಯಾದರೆ? ಸ್ವೀಡನ್ನಿನ ಯುದ್ಧನೌಕೆ ವಾಸಾ 1628ರಲ್ಲಿ ಮೊದಲ ಪಯಣದಲ್ಲೇ ಬಂದರು ದಾಟುವ ಮೊದಲೇ ಮುಳುಗಿತು. ಅದನ್ನು ಮೇಲೆತ್ತಿ ಶೋಧಿಸಿದಾಗ ಬಡಗಿಗಳ ನಾಲ್ಕು ಅಳತೆಕೋಲು ಸಿಕ್ಕವು: ಎರಡು ಸ್ವೀಡನ್ನಿನ ಅಡಿ, 12 ಇಂಚಿನವು, ಎರಡು ಆಮ್‌ಸ್ಟರ್‌ಡ್ಯಾಮ್ ಅಡಿ, 11 ಇಂಚಿನವು. ಹಡಗಿನ ಎಡಬಲಗಳು ಒಂದೇ ಸಮ ಇರಲಿಲ್ಲ.

● ಸೊನ್ನೆ ಎಲ್ಲಿಂದ ಎಂಬುದಕ್ಕೂ ಕಥೆಯಿದೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ನಡುವೆ ಲಾವ್‌ಫೆನ್‌ಬುರ್ಗ್ ಎಂಬಲ್ಲಿ ರೈನ್ ನದಿಗೆ ಎರಡೂ ದಡದಿಂದ ಸೇತುವೆ ಕಟ್ಟುತ್ತ ಬಂದರು. ಜರ್ಮನಿ ಎತ್ತರ ಅಳೆಯುವುದು ಆಮ್‌ಸ್ಟರ್‌ಡ್ಯಾಮಿನ ಸಮುದ್ರಮಟ್ಟದಿಂದ, ಸ್ವಿಟ್ಜರ್ಲೆಂಡ್ ಮೆಡಿಟರೇನಿಯನ್ನಿನಿಂದ. ವ್ಯತ್ಯಾಸ 27 ಸೆಂ.ಮೀ. ಎಂದು ಎಲ್ಲರಿಗೂ ಗೊತ್ತಿತ್ತು, ತಿದ್ದುಪಡಿಯನ್ನೂ ಮಾಡಿದರು. ಆದರೆ ಕಳೆಯುವ ಕಡೆ ಕೂಡಿದರು. 2003ರಲ್ಲಿ ನೋಡಿದರೆ ಎರಡು ತುದಿಗಳ ನಡುವೆ 54 ಸೆಂ.ಮೀ. ಎತ್ತರದ ಅಂತರ.

● ಅಂಕಿಯ ಮೇಲೆ ಮನುಷ್ಯರಷ್ಟೇ ಅಲ್ಲ, ಯಂತ್ರವೂ ಬರೆಯಬಲ್ಲದು. ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ 2013ರಲ್ಲಿ ಒಂದು ಮನೆಯ ನಕ್ಷೆ ಹಿಡಿದು ಕೂತಿದ್ದರು. ಮೂರು ಕೋಣೆಗಳು: 14.13, 17.42 ಮತ್ತು 21.11 ಚದರ ಮೀಟರ್. ಝೆರಾಕ್ಸ್ ಕಂಪನಿಯ ಸ್ಕ್ಯಾನರಿನಿಂದ ಹೊರಬಂದ ಪ್ರತಿಯಲ್ಲಿ ಮೂರೂ ಕೋಣೆಗಳ ಮೇಲೆ 14.13! ಅಕ್ಷರ ಮಸುಕಾಗಿರಲಿಲ್ಲ, ಹರಿದಿರಲಿಲ್ಲ, ಮುತ್ತಿನಂತೆ ಸ್ವಚ್ಛವಾಗಿತ್ತು. ಫೈಲು ಚಿಕ್ಕದಾಗಲೆಂದು ಯಂತ್ರ ಒಂದೇ ಥರ ಕಾಣುವ ಬರಹದ ತುಣುಕುಗಳನ್ನು ಗುಂಪು ಮಾಡಿ, ಒಂದರ ಚಿತ್ರವನ್ನೇ ಉಳಿದ ಕಡೆಗೂ ಅಂಟಿಸುತ್ತಿತ್ತು. ದೊಡ್ಡ ಕೋಣೆಯ ಮೇಲೂ ಚಿಕ್ಕ ಕೋಣೆಯ ಅಂಕಿ ಕಂಡದ್ದರಿಂದ ಗುಟ್ಟು ಹೊರಬಿತ್ತು. ಕಂಪನಿ ಆಮೇಲೆ ತಂತ್ರಾಂಶ ತಿದ್ದಿತು. ಈಗಲೂ ನಾನು ಸ್ಕ್ಯಾನ್ ಮಾಡಿಸಿದ ನಕ್ಷೆಯನ್ನು ಅಂಗಡಿಯ ಗಾಜಿನ ಮೇಜಿನ ಮೇಲೆ ಹರಡಿ, ಬೆರಳು ಮಡಚುತ್ತ ಎಡಗೋಡೆ, ಕಿಟಕಿ, ಬಲಗೋಡೆ ಎಂದು ಕೂಡುತ್ತೇನೆ. ಹಿಂದೆ ನಿಂತವರು ‘ಬೇಗ ಸಾರ್’ ಎನ್ನುತ್ತಾರೆ.